ಹತ್ತನೇ ಡಿ ಕಿಟಕಿಯ ಹೊರಗೆ

ಮತ ಹಾಕಲು ಹೋದವಳಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು ಎಂದರೆ ನಗಬೇಡಿ. ನಾವು ಘಣಸೋಲಿಗೆ ಮನೆ ಬದಲಿಸಿ ಕೆಲವು ವರ್ಷಗಳೇ ಆದರೂ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಡೊಂಬಿವಲಿಯಲ್ಲೇ ಇದೆ. ಅದನ್ನು ಬದಲಾಯಿಸುವ ಕೆಲಸವನ್ನು ನಾನು ನಮ್ಮವರಿಗೆ, ನಮ್ಮವರು ನನಗೆ ವಹಿಸಿಕೊಟ್ಟು ಇಬ್ಬರೂ ನಿಶ್ಚಿಂತರಾಗಿದ್ದೇವೆ. ಹಾಗಾಗಿ ಈ ಸಲವೂ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ, ಡೊಂಬಿವಲಿಯಲ್ಲಿ ಇಳಿದು, ನಾನು ಹದಿನೈದು ವರ್ಷ ಗಣಿತ ಕಲಿಸಿದ ಶಾಲೆಯ ಗೇಟಿನೊಳಗೆ ಹೋದೆ. ಪೋರ್ಟಿಕೋದ ಕೆಳಗೆ ಮೇಜು ಹಾಕಿಕೊಂಡು ಜನರಿಗೆ ಚೀಟಿ ಹುಡುಕಿ ಕೊಡುತ್ತಿದ್ದ ಶಿಕ್ಷಕಿಯರ ನಡುವೆ ಒಂದು ನರೆತ ತಲೆ ಕಂಡಿತು. ಗುರುತು ಹತ್ತಿದ ಕೂಡಲೇ ನಾನು ಮೊಬೈಲಿನಲ್ಲಿ ಏನೋ ಓದುವವಳ ಹಾಗೆ ಮುಖ ತಗ್ಗಿಸಿ ದಾಟಿದೆ. ಗೋರೆಬಾಯಿ.

ನನ್ನ ಬೂತ್ ನೆಲಮಹಡಿಯ ಕೊನೆಯ ಕೋಣೆಯಲ್ಲಿತ್ತು. ಅದು ಹತ್ತನೇ ಡಿ. ಬೇರೆ ಯಾವ ಕೋಣೆಯಾಗಿದ್ದರೂ ನಡೆಯುತ್ತಿತ್ತು. ಸಾಲು ಉದ್ದವಿತ್ತು, ವರಾಂಡದ ಕಿಟಕಿಯ ಹತ್ತಿರ ಬಂದು ನಿಂತೇ ಹೋಯಿತು. ಒಳಗಿನಿಂದ ಒದ್ದೆ ಡಸ್ಟರಿನ, ಸೀಮೆಸುಣ್ಣದ ಹಳೇ ವಾಸನೆ. ಬೆಂಚುಗಳನ್ನೆಲ್ಲ ಗೋಡೆಗೆ ಒತ್ತಿದ್ದರು, ಹಲಗೆಯ ಮೇಲೆ ಚುನಾವಣೆಯ ಸೂಚನೆಗಳನ್ನು ಅಂಟಿಸಿದ್ದರು. ಒಂದು ಇಡೀ ವರ್ಷ ನಾನು ಇದೇ ಕಿಟಕಿಯ ಹೊರಗೆ ಕಳೆದಿದ್ದೇನೆ. ನಿಂತದ್ದಲ್ಲ, ದಾಟಿದ್ದು. ದಾಟುವುದನ್ನು ಎಷ್ಟು ನಿಧಾನ ಮಾಡಬಹುದೋ ಅಷ್ಟು ನಿಧಾನವಾಗಿ.

ಆ ಶಾಲೆ ದೊಡ್ಡದು. ಐದರಿಂದ ಹತ್ತನೆಯವರೆಗೆ, ಒಂದೊಂದು ತರಗತಿಗೂ ಎ ಯಿಂದ ಎಚ್ ತನಕ ವಿಭಾಗಗಳು. ಬೆಳಗ್ಗೆ ದೊಡ್ಡ ಮಕ್ಕಳ ಪಾಳಿ, ಮಧ್ಯಾಹ್ನ ಚಿಕ್ಕವರದು. ನಡುವಿನ ಹೊತ್ತಿನಲ್ಲಿ ಒಳಗಿನ ಮಕ್ಕಳು ಹೊರಗೆ, ಹೊರಗಿನವರು ಒಳಗೆ ನುಗ್ಗುವಾಗ ಶಿಕ್ಷಕರು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಗಾಡಿಗಳಲ್ಲಿ ಓಡಾಡಿದ ನಮಗೆ ಅದೇನೂ ಕಷ್ಟವಲ್ಲ. ಮುನ್ಸಿಪಾಲಿಟಿಯ ಗುಡಿಸುವವರ ಮಗ, ಕಟ್ಟಡ ಕಟ್ಟಿಸುವವರ ಮಗಳು, ರಿಕ್ಷಾದವರ ಮಕ್ಕಳು, ಬ್ಯಾಂಕಿನವರ ಮಕ್ಕಳು ಒಂದೇ ನಲ್ಲಿಗೆ ಬಾಯಿ ಕೊಟ್ಟು ನೀರು ಕುಡಿಯುತ್ತಿದ್ದರು. ಹೊಸ ಹೊಸ ಇಂಗ್ಲಿಷ್ ಶಾಲೆಗಳು ಬಂದು ಇದರ ವಿಭಾಗಗಳು ಕಡಿಮೆಯಾಗುತ್ತವೆ ಎಂದು ಪ್ರತಿ ವರ್ಷ ಹೇಳುತ್ತಿದ್ದರು, ಪ್ರತಿ ಜೂನಿನಲ್ಲೂ ಗೇಟಿನ ಹೊರಗೆ ತಾಯಂದಿರ ಸಾಲು ಇರುತ್ತಿತ್ತು. ಉಡುಪಿಯಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದ ನನಗೆ ಮರಾಠಿ ಶಾಲೆಯಲ್ಲಿ ಕೆಲಸ ಸಿಕ್ಕಿದ್ದು ಸೆಮಿ ಇಂಗ್ಲಿಷ್ ಎಂಬ ವ್ಯವಸ್ಥೆಯಿಂದ. ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ. ನನ್ನ ಮರಾಠಿಗೆ ಮಕ್ಕಳು ನಗುತ್ತಿದ್ದರು, ನನ್ನ ಗಣಿತಕ್ಕೆ ಯಾರೂ ನಗುತ್ತಿರಲಿಲ್ಲ. ಹಲಗೆಯ ಬದಿಯಲ್ಲಿ ಗೆರೆ ಎಳೆದು, ಮೊದಲು ಕೊಟ್ಟದ್ದು ಏನು, ಕಂಡುಹಿಡಿಯಬೇಕಾದದ್ದು ಏನು ಎಂದು ಬರೆದು, ಒಂದು ಸಾಲಿಗೆ ಒಂದೇ ಹೆಜ್ಜೆ. ನನ್ನ ಹಲಗೆಯನ್ನು ಫೋಟೋ ತೆಗೆದು ಪುಸ್ತಕದಲ್ಲಿ ಹಾಕಬಹುದು ಎಂದು ಸುಪರ್‌ವೈಜರ್ ಹೇಳಿದ್ದರು. ಆ ಮಾತನ್ನು ನಾನು ಮನೆಯಲ್ಲಿ ಕೆಲವು ಸಲ ಹೇಳಿರಬಹುದು.

ಮಗಳು ಶ್ರೇಯಾ ಐದನೇ ತರಗತಿಗೆ ಅದೇ ಶಾಲೆಗೆ ಬಂದಳು. ಬಂದ ಮೊದಲ ದಿನವೇ ವರಾಂಡದ ಆ ತುದಿಯಿಂದ 'ಅಮ್ಮಾ' ಎಂದು ಕೂಗಿದಳು. ಸಾಲಿನಲ್ಲಿ ಹೋಗುತ್ತಿದ್ದ ಎಂಟನೇ ತರಗತಿ ಪೂರಾ ನಕ್ಕಿತು, ಆಮೇಲೆ ವಾರವಿಡೀ ನಾನು ಹಲಗೆಗೆ ತಿರುಗಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಸಣ್ಣ 'ಅಮ್ಮಾ' ಬರುತ್ತಿತ್ತು. ಮನೆಯಲ್ಲಿ ಕೂರಿಸಿ ಹೇಳಿದೆ: ಯೂನಿಫಾರ್ಮ್ ಹಾಕಿದ ಮೇಲೆ ನಾನು ಟೀಚರ್, ಕಳಚಿದ ಮೇಲೆ ಅಮ್ಮ. ಸರಿಯಾದ ನಿಯಮವೇ, ಈಗಲೂ ನನಗೆ ಹಾಗೇ ಅನಿಸುತ್ತದೆ. ಅವಳು ಅದನ್ನು ಎಷ್ಟು ಚೆನ್ನಾಗಿ ಪಾಲಿಸಿದಳೆಂದರೆ, ಎರಡು ರೂಪಾಯಿಯ ಪೆನ್ ರೀಫಿಲ್ ಬೇಕಾದರೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು 'ಮೇ ಐ ಕಮ್ ಇನ್ ಟೀಚರ್' ಎನ್ನುತ್ತಿದ್ದಳು. ಶಾಲೆಯ ಇನ್ನೊಂದು ನಿಯಮವೂ ಇತ್ತು. ಶಿಕ್ಷಕರ ಮಕ್ಕಳನ್ನು ಅವರ ವಿಭಾಗದಲ್ಲಿ ಹಾಕುವಂತಿಲ್ಲ. ಹತ್ತನೆಯ ಎ ಮತ್ತು ಬಿ ನನ್ನದಾದ್ದರಿಂದ ಶ್ರೇಯಾ ಹತ್ತನೆಗೆ ಬಂದ ಜೂನಿನಲ್ಲಿ ಡಿ ವಿಭಾಗಕ್ಕೆ ಹೋದಳು. ಡಿ ಯ ಕ್ಲಾಸ್ ಟೀಚರೂ ಗಣಿತದವರೂ ಒಬ್ಬರೇ. ನಮ್ಮ ಸಂಸ್ಥೆಯ ಇನ್ನೊಂದು ಶಾಲೆಯಿಂದ ವರ್ಗವಾಗಿ ಬಂದ ಗೋರೆಬಾಯಿ.

ಇಲ್ಲಿಯ ಹಳೇ ಪದ್ಧತಿಯಲ್ಲಿ ಶಿಕ್ಷಕಿಯನ್ನು ಬಾಯಿ ಎನ್ನುತ್ತಾರೆ. ಸೆಮಿ ಇಂಗ್ಲಿಷಿನವರಾದ ನಾವೆಲ್ಲ ಟೀಚರ್‌ಗಳಾಗಿದ್ದೆವು. ಅವಳು ಮಾತ್ರ ತನ್ನನ್ನು ಬಾಯಿ ಎಂದೇ ಕರೆಯಬೇಕೆಂದಳು. ನನ್ನದೇ ವಯಸ್ಸು. ಟಿಟ್ವಾಳಾದಿಂದ ಬೆಳಗಿನ ಗಾಡಿ ಹಿಡಿದು ಬರುತ್ತಿದ್ದಳು, ಮಳೆಗಾಲದಲ್ಲಿ ಮೊಣಕಾಲಿನವರೆಗೆ ನೆನೆದು, ಚಪ್ಪಲಿ ಕೈಯಲ್ಲಿ ಹಿಡಿದು, ಬೆಲ್ ಆದ ಮೇಲೆಯೇ. ಬಂದವಳು ಸ್ಟಾಫ್ ರೂಮಿನಲ್ಲಿ ಸೀರೆಯ ನೆರಿಗೆ ಹಿಂಡುತ್ತಾ ಗಾಡಿ ಯಾಕೆ ತಡವಾಯಿತೆಂದು ಎಲ್ಲರನ್ನೂ ನಗಿಸುತ್ತಿದ್ದಳು. ತಡವಾಗಿ ಬಂದದ್ದಕ್ಕೆ ಬೈಯಬೇಕಾದ ಸುಪರ್‌ವೈಜರೂ ನಗುತ್ತಿದ್ದರು. ನಾನು ಒಂದು ದಿನವೂ ತಡವಾಗಿ ಹೋದವಳಲ್ಲ. ಅದಕ್ಕಾಗಿ ಯಾರೂ ನಕ್ಕದ್ದು ನೆನಪಿಲ್ಲ.

ಜುಲೈಯ ಮಳೆ ಹಿಡಿದ ಒಂದು ಸಂಜೆ ಶ್ರೇಯಾ ವರ್ಗಸಮೀಕರಣ ಬಿಡಿಸುತ್ತಾ ಕೂತಿದ್ದಳು. ಕಾಗದದ ಮಧ್ಯದಿಂದ ಶುರು ಮಾಡಿ, ಮೇಲಕ್ಕೊಂದು ಬಾಣ, ಕೆಳಕ್ಕೊಂದು ಬಾಣ. ಎಂತ ಮಾರಾಯ್ತಿ ಇದು, ಕೊಟ್ಟದ್ದು ಎಲ್ಲಿ, ಕಂಡುಹಿಡಿಯುವುದು ಎಲ್ಲಿ ಎಂದು ನಾನು ಪೆನ್ಸಿಲ್ ಎತ್ತಿಕೊಂಡೆ. ನಾನು ಕನ್ನಡದಲ್ಲಿ ಕೇಳುವುದು, ಅವಳು ಮರಾಠಿಯಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ಮಾಮೂಲು. ತಲೆ ಎತ್ತದೆ ಹೇಳಿದಳು:

"ಆಮ್ಚ್ಯಾ ಬಾಯಿ ಅಸಂ ನಾಹೀ ಕರತ್."

ನಮ್ಮ ಗೋರೆಬಾಯಿ ಹೀಗೆ ಮಾಡುವುದಿಲ್ಲ. ಮಾಡದಿದ್ದರೆ ಬಿಡಲಿ. ನನ್ನ ಎದೆಗೆ ಚುಚ್ಚಿದ್ದು ಆ 'ನಮ್ಮ'. ನಾನು ಪೆನ್ಸಿಲ್ ಕೆಳಗಿಟ್ಟು ಅಡುಗೆಮನೆಗೆ ಹೋದೆ, ಬೇಳೆ ಬೆಂದಿದ್ದರೂ ಕುಕ್ಕರಿಗೆ ಇನ್ನೆರಡು ಸೀಟಿ ಹಾಕಿಸಿದೆ. ಠಾಣೆಯಲ್ಲಿ ಅಣ್ಣನ ಜೊತೆ ಹೋಟೆಲು ನಡೆಸುವ ನಮ್ಮವರು ಮನೆಗೆ ಬಂದ ಮೇಲೆ ಇದನ್ನು ಹೇಳಿದರೆ, ಒಳ್ಳೆಯದೇ ಆಯ್ತಲ್ಲ, ನಿನಗೊಂದು ಕೆಲಸ ಕಡಿಮೆ ಎಂದರು. ಅವರ ಗಿರಾಕಿಯೊಬ್ಬ ಎದುರಿನ ಹೋಟೆಲಿನ ಸಾಂಬಾರು ಚೆನ್ನಾಗಿದೆ ಎಂದರೆ ಮೂರು ದಿನ ಮುಖ ಊದಿಸಿಕೊಳ್ಳುವ ಮನುಷ್ಯ ಅವರು.

ಅಂದಿನಿಂದ ಪ್ರತಿ ಸಂಜೆ ಅದೇ ಮಾತು. ರೇಖಾಗಣಿತಕ್ಕೂ ಅದೇ, ಪೆನ್ಸಿಲ್ ಚೂಪು ಮಾಡುವುದಕ್ಕೂ ಅದೇ. ನಾನು ಎ ವಿಭಾಗದಿಂದ ಎಂಟನೇ ಸಿ ಗೆ ಹೋಗಬೇಕಾದರೆ ಮೆಟ್ಟಿಲು ಹತ್ತಿದರೆ ಹತ್ತಿರ. ನಾನು ವರಾಂಡ ಬಳಸಿ, ಡಿ ಯ ಕಿಟಕಿ ದಾಟಿ, ಆ ಕಡೆಯ ಮೆಟ್ಟಿಲು ಹತ್ತತೊಡಗಿದೆ. ಗಣಿತದ ಪಿರಿಯಡ್ಡಿನಲ್ಲಿ ಆ ಕೋಣೆಯಿಂದ ನಗು ಬರುತ್ತಿತ್ತು. ಗಣಿತದಲ್ಲಿ ನಗುವುದಕ್ಕೆ ಏನಿದೆ ಎಂದು ಓರೆಗಣ್ಣಿನಿಂದ ನೋಡಿದರೆ, ಗೋರೆಬಾಯಿ ಹಲಗೆಯ ಮೇಲೆ ತಪ್ಪು ಮಾಡುತ್ತಿದ್ದಳು. ನಿಜವಾಗಿ ತಪ್ಪು. ಮೈನಸ್ ಇಂಟು ಮೈನಸ್ಸಿಗೆ ಮೈನಸ್ ಬರೆದಿದ್ದಳು. ನನಗೆ ಆದ ಖುಷಿಯನ್ನು ಹೇಳಿದರೆ ನಾಚಿಕೆಯಾಗಬೇಕು, ಆಗುವುದಿಲ್ಲ. ಮಾರನೇ ದಿನ ಇನ್ನೊಂದು ತಪ್ಪು. ಅದರ ಮಾರನೇ ದಿನ ಮತ್ತೊಂದು. ಮಕ್ಕಳು ಬಾಯಿ ಚುಕಲಂ, ಬಾಯಿ ತಪ್ಪಾಯಿತು ಎಂದು ಏಳುತ್ತಿದ್ದರು, ಅವಳು ಹಲಗೆಯನ್ನೇ ನೋಡಿ, ಹೌದಲ್ಲ, ಎಲ್ಲಿ ತಪ್ಪಿತು ನೀವೇ ಹೇಳಿ ಎಂದು ಸೀಮೆಸುಣ್ಣವನ್ನು ಮುಂದೆ ಚಾಚುತ್ತಿದ್ದಳು. ಒಂದು ದಿನ ಆ ಸೀಮೆಸುಣ್ಣವನ್ನು ತೆಗೆದುಕೊಳ್ಳಲು ಎದ್ದದ್ದು ಶ್ರೇಯಾ. ನನ್ನ ಮಗಳು, ಐದನೇ ತರಗತಿಯಿಂದ ಯಾವ ಹಲಗೆಯ ಹತ್ತಿರವೂ ಹೋಗದವಳು. ರಾವ್ ಟೀಚರ್ ಮಗಳು ತಪ್ಪು ಮಾಡಿದಳು ಎಂದು ಯಾರೂ ಹೇಳಬಾರದೆಂದು ಕೊನೆಯ ಬೆಂಚಿನಲ್ಲಿ ಕೂರುವವಳು. ಅವಳು ಹಲಗೆಯ ಮುಂದೆ ನಿಂತು ಏನೋ ಹೇಳಿದಳು, ಇಡೀ ತರಗತಿ ನಕ್ಕಿತು, ಗೋರೆಬಾಯಿಯೂ ಸೊಂಟಕ್ಕೆ ಕೈಯಿಟ್ಟು ನಕ್ಕಳು. ಏನು ಹೇಳಿದಳೆಂದು ಮಳೆಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಕಿಟಕಿಯ ಹತ್ತಿರ ನಿಲ್ಲುವಂತಿರಲಿಲ್ಲ, ಎಂಟನೇ ಸಿ ಕಾಯುತ್ತಿತ್ತು.

ದೀಪಾವಳಿಗೆ ಮುಂಚೆ ಮೊದಲ ಟರ್ಮಿನ ಪರೀಕ್ಷೆ. ಪೇಪರ್ ಅದಲುಬದಲು ಮಾಡಿ ತಿದ್ದುವುದು ನಮ್ಮ ಪದ್ಧತಿ. ಎ ಯ ಕಟ್ಟು ಗೋರೆಬಾಯಿಗೆ ಹೋಯಿತು, ಡಿ ಯ ಕಟ್ಟು ನನಗೆ ಬಂತು. ಶ್ರೇಯಾಳ ಪೇಪರನ್ನು ಮಾತ್ರ ಸುಪರ್‌ವೈಜರ್ ತೆಗೆದಿಟ್ಟುಕೊಂಡರು. ನಾನು ಆ ಕಟ್ಟನ್ನು ಮನೆಗೆ ಹೊತ್ತು ತಂದು, ಚಕ್ಕುಲಿ ಕರಿಯುವುದನ್ನು ಬದಿಗಿಟ್ಟು ಕೂತೆ. ಗೋರೆಬಾಯಿ ಸಿಕ್ಕಿಬಿದ್ದಳು ಎಂದೇ ಅಂದುಕೊಂಡಿದ್ದೆ. ಬಾಣಗಳು ಇದ್ದವು, ಕೊಟ್ಟದ್ದು ಇರಲಿಲ್ಲ, ಸಾಲುಗಳು ಓರೆಕೋರೆ. ಉತ್ತರಗಳು ಮಾತ್ರ ಸರಿಯಿದ್ದವು. ರಿಕ್ಷಾದವರ ಮಗನೊಬ್ಬ, ಒಂಬತ್ತನೆಯಲ್ಲಿ ನನ್ನ ಕೈಯಲ್ಲಿ ಫೇಲಾದವನು, ಒಂದು ಲೆಕ್ಕವನ್ನು ತಪ್ಪಾಗಿ ಬಿಡಿಸಿ, ತಪ್ಪನ್ನು ತಾನೇ ವೃತ್ತ ಹಾಕಿ ತೋರಿಸಿ, ಪಕ್ಕದಲ್ಲಿ ಸರಿ ಮಾಡಿದ್ದ. ನಾನು ಪ್ರತಿ ಸರಿ ಉತ್ತರಕ್ಕೂ ಮನಸ್ಸಿಲ್ಲದೆ ಗುರುತು ಹಾಕುತ್ತಾ, ತಪ್ಪು ಸಿಕ್ಕಿದಾಗ ಉತ್ಸಾಹದಿಂದ ಕೆಂಪು ಎಳೆಯುತ್ತಾ ಹೋದೆ. ಕಟ್ಟಿನ ಅರ್ಧಕ್ಕೆ ಬಂದಾಗ ಶ್ರೇಯಾ ಬಂದು ಬಿಸಿ ಚಕ್ಕುಲಿಯ ತಟ್ಟೆ ಮುಂದಿಟ್ಟು, ನಮ್ಮ ತರಗತಿ ಹೇಗೆ ಮಾಡಿದೆ ಎಂದು ಕೇಳಿದಳು. ಹಬ್ಬಕ್ಕೆಂದು ಊರಿನಿಂದ ಬಂದಿದ್ದ ಅವಳಜ್ಜಿ ಕರಿದ ಚಕ್ಕುಲಿ.

ಆಗ ಹೊಳೆಯಿತು. ಗೋರೆಬಾಯಿ ಸೋಲಬೇಕು ಎಂದು ನಾನು ಬಯಸುತ್ತಿದ್ದೆ. ಗೋರೆಬಾಯಿ ಸೋಲಬೇಕಾದರೆ ಮಾರ್ಚಿನ ಬೋರ್ಡ್ ಪರೀಕ್ಷೆಯಲ್ಲಿ ಡಿ ವಿಭಾಗ ಸೋಲಬೇಕು, ಡಿ ಯಲ್ಲಿ ಇರುವವಳು ಇವಳು. ಇವಳು ಗೆದ್ದರೆ ಅದು ಅವಳ ಗೆಲುವು. ಮಗಳ ಸೋಲನ್ನು ಯಾವ ತಾಯಿಯೂ ಬಯಸುವುದಿಲ್ಲ, ನಾನೂ ಬಯಸಲಿಲ್ಲ. ಆದರೆ ಅವಳ ಗೆಲುವನ್ನು ಪೂರ್ತಿ ಮನಸ್ಸಿನಿಂದ ಬಯಸುವುದೂ ನನಗೆ ಆಗುತ್ತಿರಲಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡು ಆ ಚಳಿಗಾಲವನ್ನು ಕಳೆದೆ. ನವೆಂಬರಿನಲ್ಲಿ ಬಿಸಿಲು ಬಂದಾಗ ಗೋರೆಬಾಯಿ ಇಡೀ ಡಿ ಯನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ನೀರಿನ ಟ್ಯಾಂಕಿಯ ನೆರಳನ್ನು ಅಳೆಸಿ, ಅದರ ಎತ್ತರ ಕಂಡುಹಿಡಿಸಿದಳು. ನನ್ನ ಎ ವಿಭಾಗ ಕಿಟಕಿಗೆ ಮುಖ ಹಚ್ಚಿ ನೋಡುತ್ತಿತ್ತು. ಅವರಿಗೂ ನನಗೆ ಬಂದ ರೋಗವೇ ಬಂದಿತ್ತು.

ಸಂಕ್ರಾಂತಿಗೆ ಸ್ಟಾಫ್ ರೂಮಿನಲ್ಲಿ ಹೆಂಗಸರ ಅರಸಿನ ಕುಂಕುಮ. ಎಳ್ಳಿನ ಉಂಡೆ ಕೊಟ್ಟು, ಇದನ್ನು ತಿಂದು ಸಿಹಿಯಾಗಿ ಮಾತಾಡಿ ಎನ್ನುವುದು ಇಲ್ಲಿಯ ವಾಡಿಕೆ. ಗೋರೆಬಾಯಿ ನನ್ನ ಅಂಗೈಗೆ ಉಂಡೆ ಇಟ್ಟು, ಬದಿಗೆ ಕರೆದು ಕೇಳಿದಳು, ಶ್ರೇಯಾಳ ವಾಂತಿ ಈಗ ಹೇಗಿದೆ ಎಂದು. ಗಣಿತದ ಪರೀಕ್ಷೆಯ ಬೆಳಗ್ಗೆ ಶ್ರೇಯಾಗೆ ಹೊಟ್ಟೆ ಕೆಡುತ್ತಿತ್ತು, ನಾನು ಜೀರಿಗೆ ಕಷಾಯ ಮಾಡಿ ಕೊಡುತ್ತಿದ್ದೆ, ಹೋಟೆಲಿನಿಂದ ತಂದದ್ದನ್ನು ತಿನ್ನಬೇಡ ಎನ್ನುತ್ತಿದ್ದೆ. ಅದು ಹೊಟ್ಟೆಯದಲ್ಲವಂತೆ, ಹೆದರಿಕೆಯದಂತೆ. ಏಳನೇ ತರಗತಿಯಿಂದ ಹೀಗೇ, ಗಣಿತಕ್ಕೆ ಮಾತ್ರ. ಹುಡುಗಿ ತಾನಾಗಿಯೇ ಹೇಳಿಕೊಂಡಳಂತೆ, ಆಗಸ್ಟಿನಲ್ಲೇ. ನಿಮಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ ಎಂದಳು ಗೋರೆಬಾಯಿ. ನಾನು ಗೊತ್ತಿದೆ ಎಂದೆ. ಎಳ್ಳುಂಡೆಯನ್ನು ಬಾಯಿಗೆ ಹಾಕಿಕೊಂಡೆ. ನನ್ನ ಮಗಳಿಗೆ ಏನಾಗುತ್ತದೆ ಎಂಬುದು ನನಗಿಂತ ಮೊದಲು ಅವಳಿಗೆ ಗೊತ್ತು. ಅಷ್ಟು ಹೊಟ್ಟೆ ಉರಿದದ್ದು ನನಗೆ ಜೀವಮಾನದಲ್ಲಿ ಬೇರೆ ನೆನಪಿಲ್ಲ.

ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಶ್ರೇಯಾಳ ಕೇಂದ್ರ ಕಲ್ಯಾಣದಲ್ಲಿ, ನನಗೆ ಮೇಲ್ವಿಚಾರಣೆಯ ಡ್ಯೂಟಿ ಠಾಣೆಯಲ್ಲಿ. ಗಣಿತದ ದಿನ ನಮ್ಮವರು ಹೋಟೆಲು ಬಿಟ್ಟು ಬರುತ್ತೇನೆ ಎಂದರು, ಶ್ರೇಯಾ ಬೇಡ ಎಂದಳು, ಒಬ್ಬಳೇ ಹೋಗುತ್ತೇನೆ ಎಂದಳು. ಹಿಂದಿನ ದಿನ ಸಂಜೆಯೇ ಅವಳ ಮುಖ ಬಿಳಿಚಿಕೊಂಡಿತ್ತು. ಯಾರಿದ್ದರೆ ಅವಳಿಗೆ ಧೈರ್ಯ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಅವಳು ಕೇಳುವುದಿಲ್ಲ ಎಂದೂ ಗೊತ್ತಿತ್ತು. ಫೋನ್ ಕೈಯಲ್ಲಿ ಹಿಡಿದು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುವ ನೆಪದಲ್ಲಿ ಎಷ್ಟೋ ಹೊತ್ತು ನಿಂತೆ. ಆಮೇಲೆ ಗೋರೆಬಾಯಿಯ ನಂಬರು ಒತ್ತಿದೆ. ನಾನು ಪೂರ್ತಿ ಹೇಳಿ ಮುಗಿಸುವ ಮೊದಲೇ ಅವಳು, ನನ್ನ ಗಾಡಿ ಕಲ್ಯಾಣದ ಮೇಲೇ ಅಲ್ಲವೇ ಬರುವುದು, ಸೇತುವೆಯ ಕೆಳಗೆ ನಿಂತಿರುತ್ತೇನೆ, ನೀವು ಆರಾಮಾಗಿರಿ ಎಂದಳು. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೂ ಸಿಟ್ಟು ಬಂತು.

ಬೆಳಗ್ಗೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ನಾವಿಬ್ಬರೂ ಬೇರೆಯಾಗಬೇಕು. ಅವಳು ಕಲ್ಯಾಣದ ಕಡೆಯ ಪ್ಲಾಟ್‌ಫಾರ್ಮಿಗೆ, ನಾನು ಠಾಣೆಯ ಕಡೆಯದಕ್ಕೆ. ಸುತ್ತ ಡಿ ವಿಭಾಗದ ಮಕ್ಕಳಿದ್ದರು, ಎಲ್ಲರೂ ಯೂನಿಫಾರ್ಮಿನಲ್ಲಿ. ನಾನು ಅವಳ ತಲೆ ಸವರಲು ಕೈ ಎತ್ತಿದೆ. ಅವಳು ಎಲ್ಲರ ಹಾಗೆ ನಿಂತು, "ಬರ್ತೇನೆ ಟೀಚರ್" ಎಂದು ಮೆಟ್ಟಿಲು ಇಳಿದಳು.

ಕಲ್ಯಾಣದಲ್ಲಿ ಇಳಿದ ಕೂಡಲೇ ವಾಂತಿಯಾಯಿತಂತೆ. ಗೋರೆಬಾಯಿ ಜಡೆ ಹಿಡಿದು, ನೀರು ಕುಡಿಸಿ, ಬಾಯಿಗೆ ಒಣಗಿಸಿದ ನೆಲ್ಲಿಕಾಯಿಯ ಚೂರು ಹಾಕಿ, ಅಲ್ಲೇ ಬೆಂಚಿನ ಮೇಲೆ ಕೂರಿಸಿ, ತಾನು ಹತ್ತನೆಯಲ್ಲಿ ಗಣಿತಕ್ಕೆ ಎರಡು ಸಲ ಕೂತ ಕಥೆ ಹೇಳಿದಳಂತೆ. ಮನೆಗೆ ಬಂದ ಶ್ರೇಯಾ ಅದನ್ನೆಲ್ಲ ನಗುತ್ತಾ ಹೇಳಿದಳು, ಪೇಪರ್ ಸುಲಭ ಇತ್ತು ಎಂದಳು. ನನಗೆ ಸಮಾಧಾನವಾಯಿತು. ಜೊತೆಗೆ, ಮಗಳ ಜಡೆಯನ್ನು ನಾನು ಹಿಡಿಯಬೇಕಿತ್ತು ಎಂದೂ ಅನಿಸಿತು. ವಾಂತಿಯ ಮೇಲೂ ಹೊಟ್ಟೆಕಿಚ್ಚು ಪಟ್ಟ ತಾಯಿ ನಾನೊಬ್ಬಳೇ ಇರಬೇಕು.

ಫಲಿತಾಂಶ ಬಂದಾಗ ಶ್ರೇಯಾ ಗಣಿತದಲ್ಲಿ ಶಾಲೆಗೇ ಮೊದಲು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೊದಲು ಕೈಕುಲುಕಿದ್ದು ಗೋರೆಬಾಯಿಯ ಜೊತೆ. ನಾನು ಠಾಣೆಯಿಂದ ತರಿಸಿದ ಪೇಡೆಯ ಡಬ್ಬಿಯಿಂದ ಶ್ರೇಯಾ ಮೊದಲ ಪೇಡೆ ತೆಗೆದು ಅವಳ ಬಾಯಿಗಿಟ್ಟಳು, ಕಾಲು ಮುಟ್ಟಿದಳು. ನನಗೂ ಕೊಟ್ಟಳು, ಟೀಚರ್ ತಗೊಳ್ಳಿ ಎಂದು. ಮರುವರ್ಷವೇ ನಾನು ಘಣಸೋಲಿಯ ಕಡೆ ಕೆಲಸ ಹುಡುಕಿಕೊಂಡೆ. ಫ್ಲ್ಯಾಟ್ ಅಲ್ಲಿ ಸಿಕ್ಕಿತು, ನಮ್ಮವರಿಗೆ ಓಡಾಟ ಕಡಿಮೆ ಎಂದೆಲ್ಲ ಊರಿಗೆ ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಬೆರಳಿಗೆ ಶಾಯಿ ಹಾಕಿಸಿಕೊಂಡು ಹೊರಬಂದೆ. ಮತ್ತೆ ಮುಖ ತಗ್ಗಿಸಿ ದಾಟುವಷ್ಟರಲ್ಲಿ 'ರಾವ್ ಟೀಚರ್' ಎಂದು ಕೂಗು ಬಂತು. ಗೋರೆಬಾಯಿ ಮೇಜು ಬಿಟ್ಟು ಎದ್ದು ಬಂದಿದ್ದಳು. ಬರುವಾಗಲೇ ನೋಡಿದೆ, ಮೊಬೈಲು ತಲೆಕೆಳಗಾಗಿ ಹಿಡಿದಿದ್ದಿರಿ ಎಂದಳು. ಶ್ರೇಯಾ ಪುಣೆಯಲ್ಲಿ ಸಂಖ್ಯಾಶಾಸ್ತ್ರ ಓದುತ್ತಿರುವುದನ್ನು ಕೇಳಿ ತನ್ನ ಮಗಳ ಸುದ್ದಿಯಂತೆ ಸಂತೋಷಪಟ್ಟಳು. ಅದೂ ನನಗೆ ಹಿಡಿಸಲಿಲ್ಲ. ಇಷ್ಟು ವರ್ಷದ ಮೇಲೆ ಕೇಳಿಯೇಬಿಟ್ಟೆ, ಹಲಗೆಯ ಮೇಲಿನ ಆ ತಪ್ಪುಗಳು ಬೇಕೆಂದೇ ಮಾಡಿದ್ದಾ, ನಿಜವಾಗಿ ಆದದ್ದಾ ಎಂದು. ಅರ್ಧ ಬೇಕೆಂದೇ, ಅರ್ಧ ನಿಜ, ಯಾವುದು ಯಾವುದೆಂದು ತನಗೂ ಗೊತ್ತಾಗುತ್ತಿರಲಿಲ್ಲ ಎಂದು ನಕ್ಕಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ಮರಾಠಿಯಲ್ಲೇ, ನಿಧಾನವಾಗಿ ಹೇಳಿದಳು:

"ಈಗ ಹೇಳಬಹುದು. ಆ ವರ್ಷ ನಿಮ್ಮನ್ನು ಕಂಡರೆ ನನಗೆ ಬಹಳ ಹೊಟ್ಟೆಕಿಚ್ಚಿತ್ತು. ನಾನು ಹಲಗೆಯ ಮೇಲೆ ಏನು ಬರೆದರೂ ನಿಮ್ಮ ಮಗಳು ಎದ್ದು ನಿಲ್ಲುತ್ತಿದ್ದಳು. ಆಮ್ಚೀ ಆಯಿ ಅಸಂ ನಾಹೀ ಕರತ್. ಸೀಮೆಸುಣ್ಣ ಇಸಿದುಕೊಂಡು, ಬದಿಗೆ ಗೆರೆ ಎಳೆದು, ಕೊಟ್ಟದ್ದು, ಕಂಡುಹಿಡಿಯಬೇಕಾದದ್ದು ಎಂದು ಶುರು ಮಾಡುತ್ತಿದ್ದಳು. ದಿನಾ. ಇಡೀ ತರಗತಿ ನಗುತ್ತಿತ್ತು. ನನ್ನ ಕೋಣೆಯಲ್ಲಿ ನಾನು ಕಲಿಸುತ್ತಿದ್ದೇನೋ, ನೀವು ಕಲಿಸುತ್ತಿದ್ದಿರೋ ಎಂದು ನನಗೇ ಸಂಶಯ."

ನಮ್ಮ ಅಮ್ಮ ಹೀಗೆ ಮಾಡುವುದಿಲ್ಲ. ಆಯಿ ಎನ್ನುತ್ತಿದ್ದಳಾ, ಟೀಚರ್ ಎಂದಲ್ಲವಾ ಎಂದು ಕೇಳಿದೆ. ಗೋರೆಬಾಯಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ.

"ತಾಯಿಯನ್ನು ಮತ್ತೇನನ್ನುತ್ತಾರೆ?" ಎಂದಳು.

ಮೇಜಿನ ಹತ್ತಿರ ಜನ ಸೇರಿದ್ದರಿಂದ ಅವಳು ಹೋಗಬೇಕಾಯಿತು. ನಾನು ಸ್ಟೇಷನ್ನಿನ ಕಡೆ ನಡೆದೆ. ಸಂತೋಷವಾಗಬೇಕಿತ್ತು, ಆಯಿತು ಕೂಡ, ದಾರಿಯಲ್ಲಿ ಒಬ್ಬಳೇ ನಕ್ಕೆ. ಆದರೆ ಸೇತುವೆ ಹತ್ತುವಷ್ಟರಲ್ಲಿ ಹಳೇ ಉರಿ ಮತ್ತೆ ಎದ್ದಿತು, ಈ ಸಲ ಹಿಂದಿನದಕ್ಕಿಂತ ಜೋರಾಗಿ. ಯೂನಿಫಾರ್ಮ್ ಹಾಕಿಕೊಂಡು, ಎಲ್ಲರೆದುರು, ತಲೆಯೆತ್ತಿ ನನ್ನ ಮಗಳು ನನ್ನನ್ನು ಅಮ್ಮ ಎಂದದ್ದನ್ನು ಒಂದು ವರ್ಷ ದಿನಾ ಕೇಳಿದವಳು ಗೋರೆಬಾಯಿ. ನಾನು ಕಿಟಕಿಯ ಹೊರಗೆ ಇದ್ದೆ.